ಸಂಪಿನಲ್ಲಿ ಕೊಲೆ

ಸೋಮವಾರ, ಬೆಳಗ್ಗೆ ಆರೂವರೆ

ಹಾಲು ತರಲೆಂದು ಚಪ್ಪಲಿ ಮೆಟ್ಟುತ್ತಿದ್ದೆ. ಫೋನು ಟಿಣ್ ಎಂದಿತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು. ಪಂಪು ನೋಡಿಕೊಳ್ಳುವ ಹುಡುಗ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದ. ಸಂಪಿನಲ್ಲಿ ತುಂಬಾ ಕೆ-ಓ-ಎಲ್-ಇ ಆಗಿದೆ, ಯಾರೂ ನೀರು ಕುಡಿಯಬೇಡಿ ಸಾರ್.

ನಾನು ಓದಿಕೊಂಡದ್ದು ಕೊಲೆ ಎಂದು. ಅದೂ ತುಂಬಾ. ಚಪ್ಪಲಿ ಒಂದೇ ಕಾಲಿಗೆ ಸಿಕ್ಕಿಸಿಕೊಂಡು ಅರ್ಧ ನಿಮಿಷ ಗೋಡೆ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಎರಡನೇ ಮಹಡಿಯ ಮೇಡಂ ಕೈಮುಗಿದ ಚಿತ್ರ ಹಾಕಿದರು. ಇನ್ಯಾರೋ ಹೆಬ್ಬೆರಳೆತ್ತಿದರು. ಮತ್ತೊಬ್ಬರು ‘ಎಷ್ಟು ಹೊತ್ತಿಗೆ ಕ್ಲೀನ್ ಆಗತ್ತೆ’ ಎಂದು ಕೇಳಿದರು. ಇಪ್ಪತ್ತೆರಡು ಮನೆಗಳಲ್ಲಿ ಹೌಹಾರಿದವನು ನಾನೊಬ್ಬನೇ.

ಅಡುಗೆಮನೆಯಿಂದ ನನ್ನಾಕೆ, ಫೋನು ಕೂಡ ನೋಡದೆ ಅಂದಳು: “ಕೊಳೆ ರೀ, ಕೊಳೆ. ನಿನ್ನೆ ಮಳೆ ಬಂತಲ್ಲ, ರಾಡಿ ಒಳಕ್ಕೆ ಹೋಗಿರತ್ತೆ.”

ಎಲ್ಲರಿಗೂ ಅರ್ಥವಾಗಿದೆ. ಹಾಗಿದ್ದರೆ ಳ ಯಾಕೆ ಬೇಕು? ಇದನ್ನು ಬರೆದಿಟ್ಟುಕೊಳ್ಳಬೇಕು ಅನ್ನಿಸಿತು. ಮೊಮ್ಮಗಳ ಹಳೆಯ ರಫ್ ನೋಟ್‌ಬುಕ್ಕಿನಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಇತ್ತು.

ಅದೇ ದಿನ, ಮಧ್ಯಾಹ್ನ

ನನ್ನ ಕಸುಬಿನ ಬಗ್ಗೆ ಒಂದು ಮಾತು. ಮೂವತ್ತು ವರ್ಷಕ್ಕೂ ಮೇಲೆ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಮಾಡಿದವನು ನಾನು. ತಪ್ಪು ಹುಡುಕುವುದಕ್ಕೇ ಸಂಬಳ ಕೊಡುತ್ತಿದ್ದರು. ಜಾಲಹಳ್ಳಿಯಲ್ಲಿ 1954ರಲ್ಲಿ ಬಿಇಎಲ್ ಶುರುವಾದ ಮೇಲೆ ಈ ಕಡೆ ಬಂದು ನೆಲೆಸಿದವರಲ್ಲಿ ನನ್ನಂಥವರು ಬಹಳ. ಬೆಳಗಿನ ವಾಕಿಂಗಿಗೆ ದೊಡ್ಡಬೊಮ್ಮಸಂದ್ರದ ಕೆರೆ ಕಡೆ ಹೋದರೆ ಎದುರಿಗೆ ಬರುವ ನಾಲ್ವರಲ್ಲಿ ಒಬ್ಬರಾದರೂ ಹಳೆಯ ಯಾವುದೋ ಶಾಪಿನವರಾಗಿರುತ್ತಾರೆ. ಪ್ರತಿ ಭಾಗಕ್ಕೂ ಡ್ರಾಯಿಂಗಿನಲ್ಲಿ ಟಾಲರೆನ್ಸ್ ಬರೆದಿರುತ್ತದೆ: ಇಷ್ಟು ಮೇಲೆ, ಇಷ್ಟು ಕೆಳಗೆ. ಅದರೊಳಗಿದ್ದರೆ ಪಾಸ್, ಹೊರಗಿದ್ದರೆ ರಿಜೆಕ್ಟ್. ಕನ್ನಡಕ್ಕೆ ಟಾಲರೆನ್ಸ್ ಬರೆದವರು ಯಾರು?

ಮಂಗಳವಾರ

ಎಲ್ ಎಂಬ ಒಂದೇ ಇಂಗ್ಲಿಷ್ ಅಕ್ಷರ ಹೊರುವ ಹೊರೆ ನೋಡಿ. ಬಿ-ಎ-ಎಲ್-ಇ ಎಂದು ಬರೆದರೆ ಬಲೆಯೂ ಹೌದು, ಬಳೆಯೂ ಹೌದು, ಬಾಳೆಯೂ ಹೌದು, ಬಾಲೆಯೂ ಹೌದು. ಎಚ್-ಎ-ಎಲ್-ಯು ಎಂದರೆ ಹಾಲು. ಮೋಟಾರು ಕೆಟ್ಟ ದಿನ ಅದೇ ಹಾಳು. ಟಿ ಒಂದಕ್ಕೆ ತ, ಟ ಎರಡೂ. ಡಿ ಒಂದಕ್ಕೆ ದ, ಡ ಎರಡೂ. ಎನ್ ಒಂದಕ್ಕೆ ನ, ಣ. ಮಣೆ ಹಾಕಿ ಎಂದವರಿಗೂ ಮನೆ ಖಾಲಿ ಇದೆ ಎಂದವರಿಗೂ ಒಂದೇ ಅಕ್ಷರ ಗತಿ.

ತ, ಟ ಬೇರೆ ಮಾಡಲು ದಕ್ಷಿಣದವರು ಒಂದು ಉಪಾಯ ಕಂಡುಕೊಂಡಿದ್ದಾರೆ: ತ ಆದರೆ ಟಿ ಪಕ್ಕ ಒಂದು ಎಚ್. ಅದಕ್ಕೇ ನಮ್ಮ ಗೀತಾ, ಲತಾ, ಶಾಂತಿ ಎಲ್ಲರ ಹೆಸರಿನಲ್ಲೂ ಎಚ್ ಇದೆ, ಉತ್ತರದವರಲ್ಲಿ ಇಲ್ಲ. ಮೊದಲನೇ ಮಹಡಿಯ ಕಾನ್ಪುರದ ಅಮ್ಮ ಇದನ್ನೆಲ್ಲ ‘ಥ’ ಎಂದೇ ಓದುತ್ತಾರೆ. ಅವರ ಬಾಯಲ್ಲಿ ನಮ್ಮ ಕೆಲಸದ ಶಾಂತಮ್ಮ ಶಾಂಥಮ್ಮ ಆಗಿ ಮೂರು ವರ್ಷವಾಯಿತು. ಶಾಂತಮ್ಮ ಓಗೊಡುತ್ತಾರೆ. ಅವರಿಗೂ ಏನೂ ತಕರಾರಿಲ್ಲ.

ತಕರಾರು ಯಾರಿಗೂ ಇಲ್ಲ. ನನ್ನ ಕಷ್ಟವೇ ಅದು.

ಬುಧವಾರ

ಇವತ್ತು ಗ್ರೂಪಿನಲ್ಲಿ ಹುಟ್ಟುಹಬ್ಬ. ಹದಿನಾಲ್ಕು ಶುಭಾಶಯ ಬಂದವು. ಅದರಲ್ಲಿ ಒಂಬತ್ತು ‘ಶುಭಾಷಯ’. ಎಣಿಸಿದ್ದೇನೆ; ಹಳೆಯ ಚಾಳಿ.

ಶುಭ ಮತ್ತು ಆಶಯ ಸೇರಿದರೆ ಶುಭಾಶಯ. ಇದು ಸವರ್ಣದೀರ್ಘ ಸಂಧಿ ಎಂದು ಹೈಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿ ಹೇಳಿಕೊಟ್ಟಿದ್ದರು. ಆದರೆ ಭಾಷೆ, ಭಾಷಣ ಎಂಬ ಪದಗಳು ಕಣ್ಣಿಗೆ ಎಷ್ಟು ಒಗ್ಗಿಹೋಗಿವೆ ಎಂದರೆ, ಭಾ ಕಂಡ ಕೂಡಲೇ ಕೈ ತಾನಾಗಿ ಷ ಹಾಕುತ್ತದೆ.

ತಪ್ಪು ಕಂಡರೆ ರಿಜೆಕ್ಟ್ ಅಂದು ಸುಮ್ಮನಿರುವುದಲ್ಲ, ಮೂಲ ಕಾರಣ ಹುಡುಕಬೇಕು ಎಂದು ನಮ್ಮ ಮೇಲಿನವರು ಹೇಳುತ್ತಿದ್ದರು. ಹುಡುಕಿದೆ. ನಾನು ಕಂಪ್ಯೂಟರಿನಲ್ಲಿ ಕನ್ನಡ ಕಲಿತದ್ದು ನುಡಿ ತಂತ್ರಾಂಶದಲ್ಲಿ. ಅದರ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದು. ಅದರಲ್ಲಿ ಸ ಬೇಕೆಂದರೆ ಎಸ್, ಶ ಬೇಕೆಂದರೆ ಶಿಫ್ಟ್ ಹಿಡಿದು ಎಸ್, ಷ ಬೇಕೆಂದರೆ ಬೇರೆ ಸಾಲಿನ ಎಕ್ಸ್. ಟ ಕೂತಿರುವುದು ಕ್ಯೂ ಮೇಲೆ, ಡ ಡಬ್ಲ್ಯೂ ಮೇಲೆ, ಒತ್ತು ಕೊಡಿಸುವುದು ಎಫ್. ಅಮ್ಮ ಎಂದು ಬರೆಯಲು ಎ, ಎಂ, ಎಫ್, ಎಂ. ಹೀಗಿರುವಾಗ ಶ ಬರೆಯಹೋಗಿ ಷ ಬೀಳುವುದು ಬೆರಳಿನ ತಪ್ಪಾಗಲಾರದು. ಈಗಿನ ಫೋನುಗಳಲ್ಲಿ ಬಹಳ ಜನ ಇಂಗ್ಲಿಷಿನಲ್ಲಿ ಹೊಡೆದು ಕನ್ನಡ ಆರಿಸಿಕೊಳ್ಳುತ್ತಾರೆ. ಎಸ್-ಎಚ್ ಹೊಡೆದರೆ ಶ, ಷ ಎರಡೂ ತಟ್ಟೆಗೆ ಬರುತ್ತವೆ. ನನ್ನ ಫೋನು, ನಾನು ಒಮ್ಮೆಯೂ ಹಾಗೆ ಬರೆಯದಿದ್ದರೂ, ಶುಭಾಶಯದ ಪಕ್ಕದಲ್ಲೇ ಶುಭಾಷಯವನ್ನೂ ಇಟ್ಟುಕೊಂಡು ಕಾಯುತ್ತದೆ. ತಪ್ಪಿಗೆ ಸಮಾನ ಅವಕಾಶ.

ಯಾರು ಹೇಗೆ ಬರೆದರೂ ಹುಟ್ಟುಹಬ್ಬದವರು ಹದಿನಾಲ್ಕು ಮಂದಿಗೂ ಒಂದೇ ತರಹ ‘ಥ್ಯಾಂಕ್ಯೂ ಎಲ್ಲರಿಗೂ’ ಹೇಳಿದರು. ಸರಿಯಾಗಿ ಬರೆದ ಐವರಿಗೆ ವಿಶೇಷವೇನೂ ಸಿಗಲಿಲ್ಲ. ನಾನು ಅವರಲ್ಲೊಬ್ಬ.

ಗುರುವಾರ, ಬಸ್‌ಸ್ಟಾಪಿನಲ್ಲಿ

ನಮ್ಮ ಬಡಾವಣೆ ವಿದ್ಯಾರಣ್ಯಪುರದ ಹೆಸರಿನಲ್ಲೇ ವಿದ್ಯೆ ಇದೆ. ಹದಿನಾಲ್ಕನೇ ಶತಮಾನದ ಶೃಂಗೇರಿಯ ಯತಿ ವಿದ್ಯಾರಣ್ಯರ ಹೆಸರು. ವಿದ್ಯಾ ಮತ್ತು ಅರಣ್ಯ, ಮತ್ತದೇ ಸವರ್ಣದೀರ್ಘ. ಇವತ್ತು ಸ್ಟಾಪಿನಲ್ಲಿ ನಿಂತು ಕಣ್ಣಿಗೆ ಬೀಳುವ ಫಲಕ, ಫ್ಲೆಕ್ಸು, ಗಾಡಿಗಳನ್ನೆಲ್ಲ ಓದಿದೆ. ಒಂದು ಕೋಚಿಂಗ್ ಕೇಂದ್ರದ ಫ್ಲೆಕ್ಸು, ಒಂದು ಹೂವಿನ ಅಂಗಡಿ, ಒಂದು ಟೆಂಪೋ, ಮೂರರಲ್ಲೂ ‘ವಿಧ್ಯಾರಣ್ಯಪುರ’. ಕೋಚಿಂಗ್‌ನವರು ಅದೇ ಉತ್ಸಾಹದಲ್ಲಿ ‘ವಿಧ್ಯಾರ್ಥಿಗಳಿಗೆ ಸುವರ್ಣಾವಕಾಶ’ ಎಂದೂ ಬರೆಸಿದ್ದರು.

ವಿಚಿತ್ರ ಏನೆಂದರೆ, ಈ ತಪ್ಪಿನಲ್ಲಿ ಸೋಮಾರಿತನ ಇಲ್ಲ. ದ ಸಾಕಾಗಿದ್ದ ಕಡೆ ಹೊಟ್ಟೆ ಸೀಳಿ ಧ ಮಾಡಿದ್ದಾರೆ. ಕೆಲಸ ಹೆಚ್ಚೇ ಮಾಡಿದ್ದಾರೆ. ಯಾಕೆ? ವಿದ್ಯೆ ದೊಡ್ಡದಲ್ಲವೆ, ಬರೀ ದ ಹಾಕಿದರೆ ಏಕವಚನದಲ್ಲಿ ಕರೆದ ಹಾಗಾಗುತ್ತದೆ ಎಂಬ ಸಂಕೋಚ ಇರಬೇಕು. ಸ್ವಾಮಿ ಒಬ್ಬರೇ ಇದ್ದರೂ ಸ್ವಾಮಿಗಳು ಅನ್ನುತ್ತೇವಲ್ಲ, ಹಾಗೆ. ಮಹಾಪ್ರಾಣ ಎಂದರೆ ಅಕ್ಷರಕ್ಕೆ ಹಚ್ಚುವ ಬಹುವಚನ. ಈ ಕಣ್ಣಿನಿಂದ ನೋಡಿದ ಮೇಲೆ ಎಷ್ಟೋ ಫಲಕಗಳ ಮೇಲಿನ ಸಿಟ್ಟು ಇಳಿಯಿತು. ‘ಆದರದ ಸ್ವಾಗತ’ಕ್ಕೆ ಮುಂದೊಂದು ಹ ಸೇರಿಸಿ ಅನರ್ಥ ಮಾಡುವವರೂ ಗೌರವ ಕಮ್ಮಿಯಾಗಬಾರದೆಂದೇ ಸೇರಿಸುವುದು. ಹ ಬಿಟ್ಟರೆ ಹಳ್ಳಿಯವನು ಎಂದು ನಗುತ್ತಾರೆ ಅಂತ ಯಾರೋ ಒಮ್ಮೆ ಹೆದರಿಸಿರುತ್ತಾರೆ. ಅಂದಿನಿಂದ ಸಿಕ್ಕಸಿಕ್ಕಲ್ಲಿ ಹ.

ಶಂಕರ ಬಟ್ಟರು ಬದುಕಿನುದ್ದಕ್ಕೂ ಭಾಷಾವಿಜ್ಞಾನ ಮಾಡಿದವರು. ಕನ್ನಡಿಗರು ಮಾತಿನಲ್ಲಿ ಮಹಾಪ್ರಾಣ ಉಚ್ಚರಿಸುವುದೇ ಇಲ್ಲ, ಬರಹದಲ್ಲೂ ಬಿಡೋಣ ಎಂದು ವಾದಿಸಿದರು. ಅದನ್ನು ತಮ್ಮ ಹೆಸರಿನಿಂದಲೇ ಶುರು ಮಾಡಿದರು: ಪುಸ್ತಕಗಳ ಮೇಲೆ ‘ಬಟ್’ ಎಂದೇ ಇದೆ. ಅವರ ಲೆಕ್ಕದಲ್ಲಿ ಹೋದರೆ ‘ವಿಧ್ಯಾ’ ಎಂಬ ತಪ್ಪು ಹುಟ್ಟುವುದಕ್ಕೇ ಸಾಧ್ಯವಿಲ್ಲ, ಧ ಎಂಬುದೇ ಇರುವುದಿಲ್ಲವಲ್ಲ. ನನಗೆ ತರ್ಕ ಒಪ್ಪಿಗೆಯಾಗುತ್ತದೆ, ಕಣ್ಣು ಒಪ್ಪುವುದಿಲ್ಲ. ‘ದರ್ಮ’ ಎಂದು ಕಂಡರೆ ಈಗಲೂ ಜೇಬಿನಲ್ಲಿ ಕೆಂಪು ಪೆನ್ಸಿಲ್ ತಡಕಾಡುತ್ತೇನೆ.

ಅದೇ ದಿನ, ರಾತ್ರಿ. ಬರೆಯಲು ಮನಸ್ಸಿಲ್ಲ, ಆದರೂ

ಹೋದ ವರ್ಷದ್ದು. ಪಕ್ಕದ ಬ್ಲಾಕಿನ ಒಬ್ಬ ಮೇಡಂ ತಮ್ಮ ಅಣ್ಣ ತೀರಿಹೋದ ಸುದ್ದಿ ಹಾಕಿದರು. ಫೋಟೋ, ಹೂವಿನ ಹಾರ, ಕೆಳಗೆ ‘ಭಾವಪೂರ್ಣ ಶ್ರದ್ದಾಂಜಲಿ’. ನಾನು ಸಂತಾಪ ಸೂಚಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಮುಂದಿನ ಸಾಲಿನಲ್ಲಿ ಬರೆದೆ: ಶ್ರದ್ಧಾಂಜಲಿ, ದಕ್ಕೆ ಧ ಒತ್ತು.

ಯಾರೂ ಏನೂ ಅನ್ನಲಿಲ್ಲ. ಒಂದು ಹೆಬ್ಬೆರಳೂ ಬರಲಿಲ್ಲ. ನನ್ನಾಕೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕಾಫಿ ಲೋಟ ಇಡುತ್ತ ಅಂದಳು: “ಅವರ ಮನೆಗೆ ಹೋದಾಗ ಹೆಣದ ಮುಂದೆ ಅಗರಬತ್ತಿ ಸೊಟ್ಟಗೆ ನಿಂತಿದೆ ಅಂತೀರಾ?”

ಆ ಮೇಡಂ ಈಗಲೂ ಲಿಫ್ಟಿನಲ್ಲಿ ಸಿಗುತ್ತಾರೆ. ನಗುತ್ತಾರೆ. ಗ್ರೂಪಿನಲ್ಲಿ ಮಾತ್ರ ಕನ್ನಡದಲ್ಲಿ ಬರೆಯುವುದನ್ನು ಬಿಟ್ಟಿದ್ದಾರೆ.

ಹಿಂದೆ ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಬರುತ್ತಿತ್ತು. 1991ರಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಯಾವುದು ಸರಿ, ಯಾವುದು ತಪ್ಪು, ಈ ಮಾತು ಎಲ್ಲಿಂದ ಬಂತು ಎಂದು ಜನ ಕಾರ್ಡು ಗೀಚಿ ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. 107 ವರ್ಷ ಬದುಕಿ 2021ರ ಏಪ್ರಿಲ್‌ನಲ್ಲಿ ಹೋದರು. ಅವರು ತಿದ್ದಿದರೆ ಯಾರಿಗೂ ನೋವಾಗುತ್ತಿರಲಿಲ್ಲ. ಕೇಳಿದವರಿಗೆ ಹೇಳುತ್ತಿದ್ದರು. ನನ್ನನ್ನು ಯಾರು ಕೇಳಿದ್ದರು?

ಶುಕ್ರವಾರ, ರಾತ್ರಿ ಹತ್ತರ ಮೇಲೆ

ಇವತ್ತಿನದು ದೊಡ್ಡ ಪ್ರಕರಣ. ಪೂರ್ತಿ ಬರೆಯುತ್ತೇನೆ.

ಮೂರನೇ ಮಹಡಿಗೆ ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದಾನೆ. ಇಂದೋರಿನವನು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ. ಇವತ್ತು ರಾತ್ರಿ ಬಂದು ನೋಡಿದರೆ ಅವನ ಪಾರ್ಕಿಂಗ್ ಜಾಗದಲ್ಲಿ ನಾಲ್ಕನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರ ಕಾರು ನಿಂತಿದೆ. ಇಂಗ್ಲಿಷಿನಲ್ಲಿ ಹಾಕಬಹುದಿತ್ತು. ಈ ಊರಿನ ಭಾಷೆಯಲ್ಲೇ ಹೇಳೋಣ ಎಂಬ ಸದ್ಬುದ್ಧಿ ಬಂತು. ಯಾವುದೋ ಅನುವಾದ ಯಂತ್ರಕ್ಕೆ ಕೊಟ್ಟು ಬಂದದ್ದನ್ನು ಗ್ರೂಪಿಗೆ ಹಾಕಿದ:

‘ಅಂಕಲ್, ನಿನ್ನ ಕಾರು ನನ್ನ ಸ್ಥಳದಲ್ಲಿ ನಿಂತಿದೆ. ಅದನ್ನು ಬೇಗ ತೆಗೆ. ಧನ್ಯವಾದಗಳು.’

ಇನ್‌ಸ್ಪೆಕ್ಟರ್ ಆಗಿ ಹೇಳುತ್ತೇನೆ: ಒಂದೂ ಕಾಗುಣಿತ ತಪ್ಪಿಲ್ಲ. ಅಂಕಲ್ ಪಕ್ಕ ಅಲ್ಪವಿರಾಮ ಇದೆ. ಮೂರು ವಾಕ್ಯಕ್ಕೆ ಮೂರು ಪೂರ್ಣವಿರಾಮ. ಸ್ಥಳಕ್ಕೆ ಥ ಒತ್ತು, ಕೊನೆಗೆ ಳ. ಧನ್ಯವಾದಕ್ಕೆ ಮಹಾಪ್ರಾಣ. ಈ ಗ್ರೂಪು ಹುಟ್ಟಿದ ಮೇಲೆ ಧನ್ಯವಾದವನ್ನು ಸರಿಯಾಗಿ ಬರೆದವರು, ನನ್ನ ಬಿಟ್ಟರೆ, ಇವನೇ.

ಹನ್ನೊಂದು ನಿಮಿಷ ಗ್ರೂಪು ಉಸಿರಾಡಲಿಲ್ಲ. ಆಮೇಲೆ ಶುರುವಾಯಿತು. ‘ಯಾರಪ್ಪ ಇದು.’ ‘ಮರ್ಯಾದೆ ಬೇಡ್ವಾ.’ ‘ಮೇಷ್ಟ್ರಿಗೆ ಹೀಗಾ ಮಾತಾಡೋದು.’ ಮತ್ತೊಬ್ಬರು, ‘ಕನ್ನಡ ಬರದಿದ್ರೆ ಇಂಗ್ಲಿಷಲ್ಲಿ ಹಾಕ್ಲಿ, ನಾವೇನು ಬೇಡ ಅಂದ್ವಾ.’ ಕೊಲೆ ಆಗಿದೆ ಎಂದಾಗ ಹೆಬ್ಬೆರಳೆತ್ತಿದವರೇ ಇವರೆಲ್ಲ.

ಹುಡುಗನಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಕಳಿಸಿದ್ದನ್ನು ತಿದ್ದಲು ವಾಟ್ಸಾಪಿನಲ್ಲಿ ಹದಿನೈದು ನಿಮಿಷ ಗಡುವು. 2023ರಲ್ಲಿ ಬಂದ ಸೌಲಭ್ಯ. ಗಡುವಿನೊಳಗೆ ತಿದ್ದಿದ. ‘ನಿನ್ನ ಕಾರು’ ಹೋಗಿ ‘ನಿಮ್ಮ ಕಾರು’ ಬಂತು. ‘ತೆಗೆ’ ಹಾಗೇ ಉಳಿಯಿತು.

ಶನಿವಾರ, ಬೆಳಗ್ಗೆ

ಹುಡುಗ ನಮ್ಮ ಮನೆಗೇ ಬಂದ. ಗ್ರೂಪಿನಲ್ಲಿ ಕಾಗುಣಿತದ ಮನುಷ್ಯ ನಾನು ಎಂದು ಯಾರೋ ಹೇಳಿದರಂತೆ. ಫೋನು ಮುಂದೆ ಹಿಡಿದು ಕೇಳಿದ, “ಅಂಕಲ್, ಸ್ಪೆಲ್ಲಿಂಗ್ ಮಿಸ್ಟೇಕ್ ಎಲ್ಲಿದೆ?”

ನಾನು ಸಂದೇಶವನ್ನು ಮೂರು ಸಲ ಓದಿದೆ. “ಎಲ್ಲೂ ಇಲ್ಲಪ್ಪ” ಅಂದೆ. ಅವನ ಮುಖ ನೋಡಿ ನನಗೇ ಪಾಪ ಅನ್ನಿಸಿತು.

ಕೂರಿಸಿ ವಿವರಿಸಿದೆ. ಇಂಗ್ಲಿಷಿನಲ್ಲಿ ನಾಯಿಗೂ ನ್ಯಾಯಾಧೀಶರಿಗೂ ಒಂದೇ ಯೂ. ಅದನ್ನು ನೀನು ಮಾಡಬೇಕೋ ನೀವು ಮಾಡಬೇಕೋ ಯಂತ್ರಕ್ಕೆ ಹೇಗೆ ತಿಳಿಯಬೇಕು, ಎದುರಿಗಿರುವವರು ಮೇಷ್ಟ್ರು ಎಂದು ಅದಕ್ಕೆ ಗೊತ್ತೇ? ನಿನ್ನ, ನಿಮ್ಮ ಅನ್ನುವುದು ಅರ್ಧ ಕೆಲಸ. ಮಿಕ್ಕರ್ಧ ವಾಕ್ಯದ ಬಾಲದಲ್ಲಿದೆ. ತೆಗೆ ಎಂದರೆ ಅಪ್ಪಣೆ, ತೆಗೀರಿ ಎಂದರೆ ಕೋರಿಕೆ. ಕೊನೆಗೆ ಒಂದು ಸಾರ್ ಹಾಕಿದರೆ ನಿಶ್ಚಿಂತೆ. ಅವನು ಥಟ್ಟನೆ ಹಿಡಿದುಕೊಂಡ. ಅವರಲ್ಲೂ ತೂ, ತುಮ್, ಆಪ್ ಇದೆಯಲ್ಲ. “ಅಯ್ಯೋ, ನಾನು ಮಾಸ್ಟರ್‌ಜೀಗೆ ತೂ ಅಂದ್ಬಿಟ್ನಾ!” ಎಂದು ಹಣೆ ಚಚ್ಚಿಕೊಂಡ.

ಅಲ್ಲೇ ಕೂತು ಇನ್ನೊಂದು ಸಂದೇಶ ಹೊಡೆದ. ಇಂಗ್ಲಿಷ್ ಅಕ್ಷರಗಳಲ್ಲಿ, ತಾನೇ ಕೇಳಿಸಿಕೊಂಡ ಕನ್ನಡ. ಗೊತ್ತಾಗಲಿಲ್ಲದಲ್ಲಿ ಎರಡು ಅಕ್ಷರ ಕಮ್ಮಿ, ಕ್ಷಮಿಸಿಯಲ್ಲಿ ನಾಲ್ಕು ಜಾಸ್ತಿ, ಸಾರಿ ಎರಡು ಸಲ, ಸಾರ್ ಮೂರು ಸಲ, ವಿರಾಮ ಚಿಹ್ನೆ ಸೊನ್ನೆ. ಕೊನೆಗೆ ಎಲ್ಲಿ ಕಲಿತನೋ ಒಂದು ‘ರೀ’. ನಮ್ಮ ಶಾಪಿನಲ್ಲಾಗಿದ್ದರೆ ಇಡೀ ಬ್ಯಾಚು ಗುಜರಿಗೆ.

ಹದಿನಾರು ಹೃದಯಗಳು ಬಂದವು. ಮೇಷ್ಟ್ರು ಬರೆದರು: ‘ಪರವಾಗಿಲ್ಲ ಮರಿ ಕಾರು ತೆಗ್ದಿದೀನಿ’.

ಈ ‘ರೀ’ ಎಲ್ಲಿ ಕಲಿತ ಎಂದು ಆಮೇಲೆ ಹೊಳೆಯಿತು. ನಮ್ಮ ವಾಚ್‌ಮನ್ ಕಲಬುರಗಿ ಕಡೆಯವನು. ಅವನು ಬರೆಯುವುದೇ ಇಲ್ಲ, ಧ್ವನಿ ಕಳಿಸುತ್ತಾನೆ. ‘ಟ್ಯಾಂಕರ್ ಬಂದದ್ರೀ. ಗೇಟ್ ತೆಗೀರೀ.’ ಅವನ ಸಂದೇಶದಲ್ಲಿ ಕಾಗುಣಿತ ತಪ್ಪು ಹುಡುಕಲು ಕಾಗುಣಿತವೇ ಇಲ್ಲ. ಇಡೀ ಗ್ರೂಪಿನಲ್ಲಿ ಅತ್ಯಂತ ಸಭ್ಯ ಸಂದೇಶಗಳು ಅವನವೇ.

ಭಾನುವಾರ

ಮೊಮ್ಮಗಳು ಬಂದಿದ್ದಳು. ಪಿಯುಸಿ. “ತಾತ, ನನ್ನ ಮೇಲೆ ಕೋಪಾನಾ?” ಎಂದಳು. ಯಾಕಮ್ಮ ಎಂದೆ. ನಿನ್ನೆ ಅವಳು ‘ನಾಳೆ ಊಟಕ್ಕೆ ಬರ್ತೀನಿ’ ಎಂದು ಹಾಕಿದ್ದಕ್ಕೆ ನಾನು ‘ಸರಿ.’ ಎಂದು ಉತ್ತರಿಸಿದ್ದೆ. ಆ ಚುಕ್ಕೆ ನೋಡಿ ಅವಳಿಗೆ ಭಯವಾಯಿತಂತೆ. ಚುಕ್ಕೆ ಇಟ್ಟರೆ ಬಾಗಿಲು ಹಾಕಿದ ಹಾಗೆ ತಾತ, ಅಂದಳು.

ಅವಳದು ಬರೀ ಮಕ್ಕಳಾಟದ ಮಾತಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಸೆಲಿಯಾ ಕ್ಲಿನ್ ಮತ್ತು ಜೊತೆಗಾರರು 126 ವಿದ್ಯಾರ್ಥಿಗಳಿಗೆ ಇಂಥ ಸಂದೇಶಗಳನ್ನು ಓದಿಸಿ ನೋಡಿದ್ದರು, 2015ರಲ್ಲಿ ಸುದ್ದಿಯಾಗಿತ್ತು. ಒಂದೇ ಪದದ ಉತ್ತರಕ್ಕೆ ಚುಕ್ಕೆ ಇದ್ದರೆ ಮನಸ್ಸಿನಿಂದ ಬಂದ ಮಾತಲ್ಲ ಅನ್ನಿಸಿತು. ಅದೇ ಮಾತು ಕಾಗದದ ಮೇಲೆ ಕೈಯಲ್ಲಿ ಬರೆದಿದ್ದರೆ ಚುಕ್ಕೆಯಿಂದ ಏನೂ ವ್ಯತ್ಯಾಸವಾಗಲಿಲ್ಲ.

ಯೋಚಿಸಿದರೆ ಕನ್ನಡಕ್ಕೆ ಈ ಚುಕ್ಕೆ ಅಷ್ಟೇನೂ ಹಳೆಯ ನೆಂಟನಲ್ಲ. ಶಾಸನಗಳಲ್ಲಿ ಪದದಿಂದ ಪದಕ್ಕೆ ಜಾಗವನ್ನೇ ಬಿಡುತ್ತಿರಲಿಲ್ಲ. ಓಲೆಗರಿಯಲ್ಲಿ ಪದ್ಯ ಮುಗಿದರೆ ಒಂದೋ ಎರಡೋ ನಿಂತ ಗೀಟು. ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನೆಯ ಕೊಕ್ಕೆ ಎಲ್ಲ ನಮ್ಮಲ್ಲಿ ಬೇರೂರಿದ್ದು ಅಚ್ಚಿನ ಮೊಳೆಗಳ ಜೊತೆ. ವಿಲಿಯಂ ಕೇರಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ್ದು 1817ರಲ್ಲಿ, ಮಂಗಳೂರ ಸಮಾಚಾರ ಬಂದದ್ದು 1843ರಲ್ಲಿ. ಅದಕ್ಕೆ ಮುಂಚೆ ಸಾವಿರದ ಮುನ್ನೂರು ವರ್ಷ ಬರೆದವರಿಗೆ ವಾಕ್ಯ ಎಲ್ಲಿ ಮುಗಿಯಿತು ಎಂದು ಹೇಗೆ ತಿಳಿಯುತ್ತಿತ್ತು? ಕ್ರಿಯಾಪದ ಬಂತೆಂದರೆ ಮುಗಿಯಿತು. ಬಂದರು ಎಂದರೆ ಅಲ್ಲೇ ಚುಕ್ಕೆ. ಬಂದರಾ ಎಂದರೆ ಆ ದೀರ್ಘವೇ ಕೊಕ್ಕೆ. ಬಂದರೇ ಎಂದರೆ ಹುಬ್ಬು ಏರಿತು. ಬಂದರಂತೆ ಎಂದರೆ ನಾನು ನೋಡಿಲ್ಲ, ಯಾರೋ ಹೇಳಿದ್ದು.

ಈ ಕೊನೆಯದು ನನಗೆ ಬಹಳ ಇಷ್ಟ. ಬೇರೆಯವರ ಸಂದೇಶವನ್ನು ಮುಂದೆ ದಾಟಿಸಿದರೆ ಅದರ ತಲೆಯ ಮೇಲೆ ‘ಫಾರ್ವರ್ಡೆಡ್’ ಎಂದು ಚೀಟಿ ಅಂಟಿಸಬೇಕು ಎಂದು ವಾಟ್ಸಾಪಿಗೆ ಹೊಳೆದದ್ದು 2018ರ ಜುಲೈನಲ್ಲಿ. ನಮ್ಮ ಅಜ್ಜಿಯರ ಹತ್ತಿರ ಅದು ಎರಡು ಅಕ್ಷರದಲ್ಲಿತ್ತು. ‘ನಾಳೆ ನೀರು ಬರಲ್ವಂತೆ’: ಜವಾಬ್ದಾರಿ ನನ್ನದಲ್ಲ.

ಮೊಮ್ಮಗಳಿಗೆ ಇನ್ನು ಮೇಲೆ ಚುಕ್ಕೆ ಇಡುವುದಿಲ್ಲ ಎಂದು ಮಾತು ಕೊಟ್ಟೆ. ಸಂಜೆ ಅವಳು ‘ಮನೆ ತಲುಪಿದೆ’ ಎಂದು ಹಾಕಿದಳು. ‘ಸರಿ ಪುಟ್ಟಿ’ ಎಂದು ಹೊಡೆದು ಸುಮ್ಮನೆ ನೋಡುತ್ತ ಕೂತೆ. ಪ್ಯಾಂಟಿನ ಗುಂಡಿ ಹಾಕದೆ ಹೊರಗೆ ಹೊರಟ ಹಾಗೆ ಅನ್ನಿಸುತ್ತಿತ್ತು.

ಸೋಮವಾರ

ಸೆಕ್ರೆಟರಿ ಯಾವುದೋ ಕಚೇರಿಯ ಸುತ್ತೋಲೆಯನ್ನು ಗ್ರೂಪಿಗೆ ಅಂಟಿಸಿದರು. ಒಂದಕ್ಷರ ಓದಲು ಬರಲಿಲ್ಲ. ಎಲ್ಲರೂ ಫೋನು ಕೆಟ್ಟಿದೆ ಎಂದುಕೊಂಡರು. ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸದೆ ಹಾಕಿದ್ದಾರೆ, ಅಷ್ಟೆ. ‘ಕನ್ನಡ’ ಎಂಬ ಪದ ಹೀಗೆ ಕಾಣುತ್ತಿತ್ತು: ಪಿ, ತಲೆ ಮೇಲೆ ಓರೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತೆ ಅದೇ ಎ. ಜರ್ಮನ್ ಅಕ್ಷರ ನೋಡಿ ಕಿಟೆಲ್ ನೆನಪಾದರು. ಎಪ್ಪತ್ತು ಸಾವಿರ ಪದಗಳ ನಿಘಂಟನ್ನು 1894ರಲ್ಲಿ ಕೊಟ್ಟುಹೋದ ಮಹಾನುಭಾವರಿಗೆ ಕಚೇರಿಯವರು ಸಲ್ಲಿಸಿದ ಕಿರುಕಾಣಿಕೆ.

ಅದಕ್ಕೂ ಮೂವರು ಹೆಬ್ಬೆರಳೆತ್ತಿದ್ದಾರೆ.

ಮಂಗಳವಾರ, ಹೆಬ್ಬಾಳ

ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಬಿಇಎಲ್ ಸರ್ಕಲ್ಲಿನಲ್ಲಿ ರಿಂಗ್ ರೋಡಿನ ಬಸ್ಸಿಗೆ ನಿಂತಿದ್ದೆ. ಕಂಡಕ್ಟರ್ ಬಾಗಿಲಲ್ಲಿ ಜೋತು ಕೂಗುತ್ತ ಬಂದ: “ಎಬ್ಬಾಳ ಎಬ್ಬಾಳ ಎಬ್ಬಾಳ!”

ಹ ಇಲ್ಲ. ಹತ್ತುವವರು ಯಾರೂ ತಪ್ಪು ಊರಿಗೆ ಹೋಗಲಿಲ್ಲ.

ಡಾಕ್ಟರು ಬೇಗ ಬಿಟ್ಟರು. ಬಹಳ ದಿನದಿಂದ ನೋಡಬೇಕೆಂದಿದ್ದ ಕಿತ್ತಯ್ಯನ ಕಲ್ಲಿನ ಕಡೆ ಹೋದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಸಿಕ್ಕಿದ ವೀರಗಲ್ಲು. ಈಗ ಅದಕ್ಕೊಂದು ಮಂಟಪ ಇದೆ. ಗಂಗರ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750. ರಾಷ್ಟ್ರಕೂಟರ ದಾಳಿಯಲ್ಲಿ ಹೋರಾಡಿ ಸತ್ತ ಕಿತ್ತಯ್ಯ ಎಂಬವನ ಸ್ಮಾರಕ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಬರಹಗಳಲ್ಲಿ ಇದೇ ಹಳೆಯದು ಎನ್ನುತ್ತಾರೆ. ಅದರಲ್ಲಿ ಈ ನಾಡಿನ ಹೆಸರು ಪೆರ್ಬೊಳಲ್ ನಾಡು. ಪೆರ್ ಎಂದರೆ ಹಿರಿದು. ಹಳಗನ್ನಡದ ಪೊೞಲ್ ಎಂದರೆ ಪಟ್ಟಣ. ದೊಡ್ಡ ಊರು.

ಪೆರ್ಬೊಳಲ್ ಹೋಗಿ ಹೆಬ್ಬಾಳ. ಪ ಇದ್ದ ಜಾಗಕ್ಕೆ ಹ ಬಂತು. ಪಾಲು ಹಾಲಾಯಿತು, ಪಾವು ಹಾವಾಯಿತು, ಪಕ್ಕಿ ಹಕ್ಕಿಯಾಯಿತು. ಒಂದು ದಿನದಲ್ಲಲ್ಲ, ಹತ್ತನೇ ಶತಮಾನದ ಸುಮಾರಿಗೆ ಶುರುವಾಗಿ ಶತಮಾನಗಳೇ ಹಿಡಿದವು. ಈ ಕಲ್ಲು ಕಡೆದವನಿಗೆ ಯಾರಾದರೂ ಹೆಬ್ಬಾಳ ಎಂದಿದ್ದರೆ ಅವನು ನನ್ನ ಹಾಗೆ ಉಳಿ ಕೆಳಗಿಟ್ಟು, ಪ ಅನ್ನಲು ಬರುವುದಿಲ್ಲವೇ ನಿನಗೆ ಎಂದು ಕೇಳುತ್ತಿದ್ದನೋ ಏನೋ. ಆ ಪ ಹೋಗಿ ಬಂದ ಹ ಈಗ ಕಂಡಕ್ಟರನ ಬಾಯಲ್ಲಿ ಹೊರಡಲು ಚಪ್ಪಲಿ ಹಾಕಿಕೊಂಡು ನಿಂತಿದೆ.

ಪೊೞಲ್ ಎಂಬಲ್ಲಿದ್ದ ೞ ಎಂಬ ಅಕ್ಷರವಂತೂ ಪೂರ್ತಿ ಹೋಯಿತು. ಮಳೆ ಆಗ ಮೞೆ, ಕೋಳಿ ಕೋೞಿ, ಬಾಳೆ ಬಾೞೆ. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳ ಎಂದು ಮೂರು ಬಗೆ ಮಾಡಿ, ಯಾವ ಪದಕ್ಕೆ ಯಾವುದು ಎಂದು ಕೂತು ಬಿಡಿಸಿ ಹೇಳುತ್ತಾನೆ. ಎಲ್ಲರೂ ಸರಿಯಾಗಿ ಹೇಳುತ್ತಿದ್ದರೆ ಅಷ್ಟು ಕಷ್ಟಪಟ್ಟು ಬಿಡಿಸುವ ಅಗತ್ಯ ಬೀಳುತ್ತಿರಲಿಲ್ಲ. ಆಗಲೇ ಊರೆಲ್ಲ ಕಲಸಿಹೋಗಿದ್ದಿರಬೇಕು. ಅಷ್ಟು ದೊಡ್ಡ ಇನ್‌ಸ್ಪೆಕ್ಟರು ತಡೆದರೂ ನಿಲ್ಲಲಿಲ್ಲ. ನಮ್ಮ ಪಕ್ಕದ ಮನೆ ತಮಿಳು ಮಾಮಿ ಆ ಅಕ್ಷರವನ್ನು ಇನ್ನೂ ಬಾಯಲ್ಲಿ ಇಟ್ಟುಕೊಂಡಿದ್ದಾರೆ, ವಾೞೈಪ್ಪಳಂ ಅನ್ನದೆ ಕೊನೆಯ ಳಂನಲ್ಲೂ ನಾಲಿಗೆ ಸುರುಳಿ ಸುತ್ತಿ ತೋರಿಸುತ್ತಾರೆ. ಅವರ ಮೊಮ್ಮಕ್ಕಳಿಗೆ ಬರಲ್ವಂತೆ.

ಹಾಗಾದರೆ ಇನ್ನೈನೂರು ವರ್ಷಕ್ಕೆ ‘ಎಬ್ಬಾಲ’ವೇ ಸರಿ ಆಗಿ, ಹೆಬ್ಬಾಳ ಎಂದು ಬರೆದವನನ್ನು ಯಾರಾದರೂ ತಿದ್ದುತ್ತಾರೋ? ವಾಪಸ್ಸು ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ. ಕಣ್ಣಿಗೆ ಹನಿ ಹಾಕಿದ್ದರಿಂದ ಬೋರ್ಡುಗಳು ಓದಲಾಗುತ್ತಿರಲಿಲ್ಲ. ಒಂದು ಥರ ನೆಮ್ಮದಿ.

ಬುಧವಾರ

ವಾಟ್ಸಾಪ್ ಪದವನ್ನೇ ಪತ್ರಿಕೆಗಳು ಒಂದೊಂದು ರೀತಿ ಬರೆಯುತ್ತವೆ: ವಾಟ್ಸಪ್, ವಾಟ್ಸಾಪ್, ವಾಟ್ಸ್‌ಆ್ಯಪ್. ಈ ‘ಆ್ಯ’ ಎಂಬುದಕ್ಕೆ ಕೇಶಿರಾಜ ಏನೆನ್ನುತ್ತಿದ್ದನೋ, ಸ್ವರಕ್ಕೆ ಒತ್ತು! ಇನ್ನೊಂದು ಸೋಜಿಗ: ರಾಜ್‌ಕುಮಾರ್ ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕು. ಇಡದಿದ್ದರೆ ಜ ಕೆಳಗೆ ಕ ಒತ್ತಾಗಿ ಸಿಕ್ಕಿಕೊಂಡು ರಾಜ್ಕುಮಾರ್ ಆಗುತ್ತಾರೆ. ಕಾಣದ ಅಕ್ಷರದ ತಪ್ಪನ್ನು ಇನ್‌ಸ್ಪೆಕ್ಟ್ ಮಾಡುವುದು ಹೇಗೆ ಎಂದು ನಮಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಗುರುವಾರ

ಈ ತಿಂಗಳು ಅಸೋಸಿಯೇಷನ್ನಿನ ಖರ್ಚು ನೋಡುವ ಸರದಿ ನನ್ನದು. ಪಂಪಿನ ಹುಡುಗ ಸಂಪು ತೊಳೆಸಿದ ಚೀಟಿ ತಂದ. ಈ ಸಲ ಕನ್ನಡ ಅಕ್ಷರದಲ್ಲೇ, ನೀಲಿ ಬಾಲ್‌ಪೆನ್ನಿನಲ್ಲಿ, ದುಂಡಗೆ ಬರೆದಿದ್ದಾನೆ. ಇಂಗ್ಲಿಷ್ ಎಲ್‌ನ ಮೇಲೆ ಹೊರಿಸಿದ್ದ ಆರೋಪ ಅಲ್ಲಿಗೆ ಬಿದ್ದುಹೋಯಿತು.

‘ಸಂಪು ಕೊಲೆ ತೆಗೆದದ್ದು, ಇಬ್ಬರು ಆಳು, 1,800 ರೂ.’

“ಸರಿಯಾಗಿದೆಯಾ ನೋಡಿ ಸಾರ್” ಅಂದ.

ಮೊತ್ತ ನೋಡಿದೆ. ಸಹಿ ಹಾಕಿ ಕೊಟ್ಟೆ.